ನಡುಮನೆಯ ಪೆಟ್ಟಿಗೆ, ಅಡಿಗೆಮನೆಯ ಕಿವಿ

ಕಳೆದ ದಸರಾ ರಜೆಗೆ ಬಂದ ಮಗ ಹೋಳಿಗೆ ತಿನ್ನುತ್ತಲೇ ಒಂದು ಮಾತು ತೆಗೆದ. ನಡುಮನೆಯಲ್ಲಿ 35 ವರ್ಷಕ್ಕೂ ಮಿಕ್ಕಿ ಕೂತಿರುವ ಅವನ ಅಪ್ಪನ ಹೈಫೈ ಸೆಟ್ಟನ್ನು ಯಾರಿಗಾದರೂ ಕೊಟ್ಟುಬಿಡುವುದು. ಅದರ ಬದಲು ಕೋಣೆಗೊಂದರಂತೆ ತಂತಿಯಿಲ್ಲದ ಸ್ಪೀಕರುಗಳನ್ನು ಇಡುವುದು. ಎಲ್ಲ ಕೋಣೆಗಳಲ್ಲೂ ಒಂದೇ ಹಾಡು ಬೇಕಾದರೆ ಒಂದೇ, ಬೇಡವೆಂದರೆ ಒಬ್ಬೊಬ್ಬರಿಗೆ ಒಂದೊಂದು. ಇವರ ಮುಖ ಸಣ್ಣದಾಯಿತು. ಆ ಆಂಪ್ಲಿಫೈಯರಿನ ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ತಂದು, ಗೊತ್ತಿದ್ದವರಿಂದ ಜೋಡಿಸಿಸಿಕೊಂಡವರು ಅವರು. ಮಗ ನನ್ನ ಕಡೆ ತಿರುಗಿ, "ಅಮ್ಮಾ, ನೀನು ಇನ್ನು ಮೇಲೆ ಅಡಿಗೆಮನೆಯಲ್ಲೇ ಕೇಳಬಹುದು" ಎಂದ.

ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಕೊನೆಯ ಮಾತು. ಮನೆಗೆ ಸಂಗೀತ ಬಂದ ಕಥೆಯನ್ನು ಯಂತ್ರಗಳ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಆ ಯಂತ್ರ ಯಾವ ಕೋಣೆಯಲ್ಲಿತ್ತು, ಅದರ ಗುಂಡಿ ಯಾರ ಕೈಯಲ್ಲಿತ್ತು ಎಂದು ಕೇಳುವವರು ಕಡಿಮೆ.

ತಂತಿಯ ಮೂಲಕ ಮನೆಗೆ ಹಾಡು ತರಿಸಿಕೊಳ್ಳುವ ಆಸೆ ಇಂದಿನದಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂಟ್ ಆಡೆರ್ ಎಂಬಾತ ಒಪೇರಾ ರಂಗಮಂದಿರದ ಹಾಡನ್ನು ಟೆಲಿಫೋನ್ ತಂತಿಯಲ್ಲಿ ಹರಿಸಿ, ದೂರದಲ್ಲಿದ್ದವರ ಕಿವಿಗೆ ಮುಟ್ಟಿಸಿದ. ಎರಡು ಕಿವಿಗೆ ಎರಡು ಬೇರೆ ಬೇರೆ ತಂತಿ! ಗಾಯಕಿ ರಂಗದ ಮೇಲೆ ಅತ್ತಿತ್ತ ನಡೆದದ್ದೂ ಗೊತ್ತಾಗುತ್ತಿತ್ತಂತೆ. 1890ರಿಂದ ಇದೇ 'ತೆಯಾತ್ರೋಫೋನ್' ಎಂಬ ಹೆಸರಿನಲ್ಲಿ ಚಂದಾ ಸೇವೆಯಾಯಿತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1911ರಲ್ಲಿ ಚಂದಾದಾರನಾಗಿ, ಮನೆ ಬಿಟ್ಟು ಹೊರಡದೆ ಒಪೇರಾ ಕೇಳುತ್ತಿದ್ದ. ತಿಂಗಳ ಚಂದಾ ಕಟ್ಟಿ ಹಾಡು ಕೇಳುವ ಈಗಿನ ಪದ್ಧತಿಗೆ ಹೀಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸು. ರೇಡಿಯೋ ಬಂದ ಮೇಲೆ, 1932ರಲ್ಲಿ, ಆ ಸೇವೆ ಮುಚ್ಚಿತು.

ನಮ್ಮ ದೇಶಕ್ಕೆ ಮೊದಲು ಬಂದದ್ದು ಗ್ರಾಮಫೋನು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡ. ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಜಾಗ. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಗೌಹರ್ ಜಾನ್ ತವಾಯಫ್. ಯಾವ ಮರ್ಯಾದಸ್ಥ ಗೃಹಿಣಿಯ ನಡುಮನೆಗೂ ಆಕೆಯನ್ನು ಕರೆಯುವಂತಿರಲಿಲ್ಲ. ಆದರೆ ಆಕೆಯ ದನಿ ಹಿತ್ತಾಳೆಯ ಕಹಳೆಯಿಂದ ಹೊರಟು, ಮನೆಯೊಳಗಿನ ಹೆಂಗಸರ ಕಿವಿಗೆ ನೇರವಾಗಿ ಬಿತ್ತು. ಬಾಗಿಲ ಮರೆಯಲ್ಲಿ ನಿಂತು ಕೇಳಿದವರು ಎಷ್ಟು ಮಂದಿಯೋ! ಆಕೆ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರಿಗೆ ಎಂಬುದನ್ನು ಮರೆಯಬಾರದು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸಂಗೀತಗಾರ್ತಿಯಾದರು; 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. (ಮೇಲಿನ ಸಾಲುಗಳಲ್ಲಿ 'ಆಕೆ' ಎಂದವಳು ಇಲ್ಲಿ 'ಆದರು' ಎಂದು ಬರೆದೆ. ಆಸ್ಥಾನ ಸೇರಿದ ಮೇಲೆ ನಮ್ಮ ನಾಲಿಗೆಗೂ ಬಹುವಚನ ಬರುತ್ತದೆ ನೋಡಿ.)

ಅದೇ ಅರಮನೆಯ ಇನ್ನೊಂದು ಸಂಗತಿ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ದೊಡ್ಡ ರಸಿಕರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ವಾಗ್ಗೇಯಕಾರ ನಿಕೊಲಾಯ್ ಮೆಡ್ಟ್‌ನರನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟು, 1949ರಲ್ಲಿ ಮೆಡ್ಟ್‌ನರ್ ಸೊಸೈಟಿಯನ್ನು ಸ್ಥಾಪಿಸಿದರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಒಳ್ಳೆಯ ಯಂತ್ರದಲ್ಲಿ, ನಿಶ್ಶಬ್ದವಾದ ಕೋಣೆಯಲ್ಲಿ, ಯಾರ ಅಡ್ಡಿಯೂ ಇಲ್ಲದೆ ಕೂತು ಕೇಳುವುದು ಆಗ ಅಕ್ಷರಶಃ ಅರಸರ ಭಾಗ್ಯ.

ಉಳಿದವರ ಪಾಲಿಗೆ ಬಂದದ್ದು ರೇಡಿಯೋ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಬಾನುಲಿಗೆ ಇಟ್ಟದ್ದು. ಆಮೇಲೆ ಇಡೀ ದೇಶದ್ದಾಯಿತು. ಪ್ರಸಾರವೇನೋ ಮನೆಯಿಂದ ಹೊರಟಿತು. ಅದನ್ನು ಕೇಳುವ ಪೆಟ್ಟಿಗೆ ಮಾತ್ರ ಬಹುಕಾಲ ಗಂಡಸರ ಸ್ವತ್ತಾಗಿತ್ತು. ನಮ್ಮ ತಂದೆಯ ವಾಲ್ವ್ ಸೆಟ್ಟು ನನಗೆ ಚೆನ್ನಾಗಿ ನೆನಪಿದೆ. ನಡುಮನೆಯ ಗೋಡೆಗೆ ಹಲಗೆ ಹೊಡೆದು ಎತ್ತರದಲ್ಲಿ ಕೂರಿಸಿದ್ದರು. ಮೇಲೆ ನಮ್ಮಮ್ಮನೇ ಕಸೂತಿ ಹಾಕಿದ ಬಟ್ಟೆ. ಈ ಗೋಡೆಯಿಂದ ಆ ಗೋಡೆಗೆ ಜಾಲರಿಯ ಏರಿಯಲ್. ಗುಂಡಿ ತಿರುಗಿಸಿದ ಮೇಲೆ ಒಳಗಿನ ದೀಪಗಳು ಕಾದು ದನಿ ಬರುವಷ್ಟರಲ್ಲಿ ಅಮ್ಮ ಒಂದು ಹಿಡಿ ಅವರೆಕಾಳು ಬಿಡಿಸುತ್ತಿದ್ದಳು. 1980ರ ದಶಕದವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆಕಚೇರಿಯಲ್ಲಿ ಲೈಸೆನ್ಸು ಹಣ ಕಟ್ಟಬೇಕಾಗಿತ್ತು. ನಮ್ಮ ಮನೆಯಲ್ಲಿ ಆ ಪುಸ್ತಕ ಇದ್ದದ್ದು ಅಪ್ಪನ ಹೆಸರಿನಲ್ಲಿ. ಸಂಜೆ ವಾರ್ತೆ ಆದ ಮೇಲೆ ಅಪ್ಪ ಅದನ್ನು ಆರಿಸಿಬಿಡುತ್ತಿದ್ದರು. ಅಮ್ಮನಿಗೆ ಬೇಕಾದ ಸಂಗೀತ ಕಚೇರಿ ಶುರುವಾಗುತ್ತಿದ್ದುದು ಅದಾದ ಮೇಲೆ. ಅಮ್ಮ ಕೇಳುತ್ತಿದ್ದುದೆಲ್ಲ ಗೋಡೆಯಾಚೆಯಿಂದ, ಒಗ್ಗರಣೆಯ ಸದ್ದಿನ ನಡುವೆ.

ಗೋಡೆಯನ್ನು ದಾಟಿಸಿದ್ದು ಟ್ರಾನ್ಸಿಸ್ಟರ್. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಅದು 1954ರ ಹೊತ್ತಿಗೆ ಅಲ್ಲಿ ಜೇಬಿನ ರೇಡಿಯೋ ಆಗಿತ್ತು. ನಮ್ಮ ಊರುಗಳನ್ನು ಅದು ಮುಟ್ಟುವ ವೇಳೆಗೆ ವಿವಿಧ ಭಾರತಿಯೂ (1957) ಬಂದಾಗಿತ್ತು. ಕರೆಂಟು ಬೇಡ, ಏರಿಯಲ್ ಬೇಡ, ಎರಡು ಮೂರು ಬ್ಯಾಟರಿ ಸೆಲ್ಲು ಸಾಕು. ಅದು ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಬಂದು ಕೂತ ದಿನ ಅಮ್ಮ ಜೀವನದಲ್ಲಿ ಮೊದಲ ಸಲ ತನಗೆ ಬೇಕಾದ ಸ್ಟೇಷನ್ನು ತಾನೇ ಹಾಕಿದಳು, ಹಿಟ್ಟಿನ ಕೈಯಲ್ಲೇ. ಆ ಗುಂಡಿಗೆ ಅಂಟಿದ ಹಿಟ್ಟು ಕೊನೆಯವರೆಗೂ ಹೋಗಲಿಲ್ಲ. ತಂತಿಯಿಲ್ಲದ ಯಂತ್ರದ ದೊಡ್ಡ ಉಪಕಾರ ಯಾರಿಗಾಯಿತು ಎಂದು ಯಾರಾದರೂ ಕೇಳಿದರೆ ನಾನು ಆ ಗುಂಡಿಯನ್ನು ತೋರಿಸುತ್ತೇನೆ.

ಹೈಫೈ ಬಂದಾಗ ಸಂಗೀತ ಮತ್ತೆ ನಡುಮನೆಗೆ ಹಿಂತಿರುಗಿತು. ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಸ್ಟೀರಿಯೋ ಕಲ್ಪನೆಗೆ 1931ರಲ್ಲಿ ಪೇಟೆಂಟ್ ಅರ್ಜಿ ಹಾಕಿದವನು ಇಎಂಐ ಕಂಪನಿಯ ಅಲನ್ ಬ್ಲೂಮ್ಲೀನ್ ಎಂಬ ಇಂಗ್ಲಿಷ್ ಎಂಜಿನಿಯರು. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದಾಗ, ನಟ ಪರದೆಯ ಒಂದು ತುದಿಯಲ್ಲಿದ್ದರೂ ದನಿ ಇನ್ನೆಲ್ಲಿಂದಲೋ ಬರುವುದು ಅವನಿಗೆ ಸರಿಬೀಳಲಿಲ್ಲ. ದನಿ ನಟನನ್ನು ಹಿಂಬಾಲಿಸುವಂತೆ ಮಾಡುವ ಉಪಾಯ ತನಗೆ ಸಿಕ್ಕಿದೆ ಎಂದು ಆಕೆಗೆ ಹೇಳಿದನಂತೆ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಬಿದ್ದು, 38ನೆಯ ವಯಸ್ಸಿಗೇ ಸತ್ತ. ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ. ಅವುಗಳ ಪೂರ್ತಿ ಸೊಗಸು ಸಿಗಬೇಕಾದರೆ ಎರಡು ಪೆಟ್ಟಿಗೆಗಳೂ ಕೇಳುವವನೂ ಒಂದು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು. ಅಂದರೆ ಇಡೀ ಮನೆಗೆ ಸರಿಯಾದ ಕುರ್ಚಿ ಒಂದೇ! ನಮ್ಮ ಮನೆಯಲ್ಲಿ ಆ ಕುರ್ಚಿ ಯಾರದ್ದೆಂದು ಹೇಳಬೇಕಾಗಿಲ್ಲ.

ಅಮೆರಿಕದಲ್ಲೂ ಇದೇ ಕಥೆ. ಅಲ್ಮೇರದಷ್ಟು ದೊಡ್ಡ ಪೆಟ್ಟಿಗೆಗಳನ್ನು ಕಂಡು ಹೆಂಡತಿ ಸಿಡಿಮಿಡಿಗೊಳ್ಳುವ ನಗೆಚಿತ್ರಗಳು 1950ರ ದಶಕದ ಪತ್ರಿಕೆಗಳಲ್ಲಿ ಮಾಮೂಲು. ಮನೆ ಗುಡಿಸುವವಳಿಗೆ ಆ ಪೆಟ್ಟಿಗೆಯ ಹಿಂದಿನ ಧೂಳು ಎಷ್ಟೆಂದು ಗೊತ್ತಿರುತ್ತದೆ. ಆ ಸಿಟ್ಟಿನಲ್ಲಿ ನ್ಯಾಯವಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಸ್ಪೀಕರಿನಿಂದ ಗಂಭೀರವಾದ ಮಂದ್ರವನ್ನು ಹೊರಡಿಸಿದ. ಒಂದು ಪೆಟ್ಟಿಗೆ ಎರಡಾಗುವ ಕಾಲಕ್ಕೆ ಸರಿಯಾಗಿ ಈ ಉಪಾಯ ಬಂತು.

ನ್ಯಾಯವಾಗಿ ಹೇಳಬೇಕಾದರೆ ಇವರ ಸೆಟ್ಟಿನ ನಾದ ಈಗಲೂ ಘನವಾಗಿದೆ. ತಂಬೂರಿಯ ಶ್ರುತಿ ಕೋಣೆಯನ್ನು ತುಂಬುವ ರೀತಿ ಮಗ ತಂದು ತೋರಿಸಿದ ಪುಟ್ಟ ಸ್ಪೀಕರಿಗೆ ಬರಲಿಲ್ಲ. ಇನ್ನೊಂದು ಗುಣ ಅದು ಕೆಟ್ಟಾಗ ಕಂಡಿತು. ಸ್ಪೀಕರಿನ ಕಾಗದದ ಸುತ್ತಿನ ಫೋಮ್ ಅಂಚು ಹದಿನೈದಿಪ್ಪತ್ತು ವರ್ಷದಲ್ಲಿ ಪುಡಿಯಾಗುತ್ತದೆ. ನಮ್ಮದೂ ಹಾಗೇ ಆಯಿತು. ನಮ್ಮೂರಿನ ರಿಪೇರಿಯವರು ಹೊಸ ಅಂಚು ಅಂಟಿಸಿ ಒಂದು ವಾರದಲ್ಲಿ ಕೊಟ್ಟರು. ಟೇಪ್ ಡೆಕ್ಕಿನ ರಬ್ಬರ್ ಬೆಲ್ಟು ಎರಡು ಸಲ ಬದಲಾಗಿದೆ. ಬಿಚ್ಚಿದರೆ ಕಣ್ಣಿಗೆ ಕಾಣುವ ಯಂತ್ರ ಅದು.

ಹೊಸದರ ಕೆಲಸ ಬೇರೆ ಥರ. ಬ್ಲೂಟೂತಾದರೆ ಫೋನು ಹತ್ತಿರವೇ ಇರಬೇಕು. ಯಾರಾದರೂ ಕರೆ ಮಾಡಿದರೆ ಹಾಡು ನಿಲ್ಲುತ್ತದೆ. ವೈಫೈ ಸ್ಪೀಕರುಗಳು ಹಾಗಲ್ಲ, ಇಂಟರ್ನೆಟ್ಟಿನಿಂದ ಹಾಡನ್ನು ತಾವೇ ತರಿಸಿಕೊಂಡು, ತಮ್ಮ ತಮ್ಮ ಗಡಿಯಾರಗಳನ್ನು ಸರಿಹೊಂದಿಸಿಕೊಂಡು ಏಕಕಾಲಕ್ಕೆ ನುಡಿಸುತ್ತವೆ. ಗಣಪತಿ ಪೆಂಡಾಲಿನ ಹತ್ತಿರದ ಹಾರನ್ನೂ ದೂರದ ಹಾರನ್ನೂ ಒಂದೇ ಪದವನ್ನು ಹಿಂದೆಮುಂದೆ ಹೇಳಿ ಕಲಸುಮೇಲೋಗರ ಮಾಡುತ್ತವಲ್ಲ, ಹಾಗಾಗದಿರಲು ಈ ಲೆಕ್ಕ. ಇದನ್ನು ಮನೆಬಳಕೆಗೆ ಪಳಗಿಸಿದವರಲ್ಲಿ ಮುಂದಿದ್ದದ್ದು 2002ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೋನೋಸ್ ಕಂಪನಿ; ಅದರ ಮೊದಲ ಸಾಧನ 2005ರಲ್ಲಿ ಮಾರಾಟಕ್ಕೆ ಬಂತು. ನಿಜವಾಗಿಯೂ ಜಾಣತನದ ಕೆಲಸ. ಆದರೆ ಅದೇ ಕಂಪನಿಯ ಮುಂದಿನ ಚರಿತ್ರೆಯನ್ನು ಕೊಳ್ಳುವವರು ಓದಬೇಕು. ಹಳೆಯ ಸಾಧನವನ್ನು ಮತ್ತೆ ಬಳಸಲಾಗದಂತೆ ಗಿರಾಕಿಯೇ ನಿಷ್ಕ್ರಿಯಗೊಳಿಸಿದರೆ ಹೊಸದರ ಬೆಲೆಯಲ್ಲಿ ಶೇಕಡಾ 30 ರಿಯಾಯಿತಿ ಎಂಬ ಯೋಜನೆ 2019ರಲ್ಲಿ ಬಂತು. ಮೇ ತಿಂಗಳಿಂದ ಕೆಲವು ಹಳೆಯ ಸಾಧನಗಳಿಗೆ ಹೊಸ ತಂತ್ರಾಂಶ ಸಿಗುವುದಿಲ್ಲ ಎಂದು 2020ರ ಜನವರಿಯಲ್ಲಿ ಸಾರಿದರು. ಗಿರಾಕಿಗಳು ರೇಗಿದ ಮೇಲೆ ಮುಖ್ಯಸ್ಥರು ಕ್ಷಮೆ ಕೇಳಿದರು. ನಿಷ್ಕ್ರಿಯಗೊಳಿಸುವ ಷರತ್ತನ್ನೂ ಕೈಬಿಟ್ಟರು. 2024ರ ಮೇ ತಿಂಗಳಲ್ಲಿ ಫೋನಿನ ಆ್ಯಪನ್ನೇ ಬದಲಾಯಿಸಿದಾಗ ಜನ ದಿನವೂ ಬಳಸುತ್ತಿದ್ದ ಕೆಲವು ಸೌಲಭ್ಯಗಳು ರಾತ್ರೋರಾತ್ರಿ ಮಾಯವಾದವು. ಆ ಗಲಾಟೆಯ ಬೆನ್ನಿಗೆ 2025ರ ಜನವರಿಯಲ್ಲಿ ಮುಖ್ಯಸ್ಥರು ಹುದ್ದೆ ಬಿಟ್ಟರು. ಸ್ಪೀಕರು ಹಾಳಾಗಿರಲಿಲ್ಲ, ಫೋಮೂ ಪುಡಿಯಾಗಿರಲಿಲ್ಲ. ದೂರದಲ್ಲಿ ಯಾರೋ ಮಾಡಿದ ತೀರ್ಮಾನಕ್ಕೆ ಮನೆಯೊಳಗಿನ ಪೆಟ್ಟಿಗೆ ತಲೆಬಾಗಿತು, ಅಷ್ಟೆ.

ಮಗ ಒಂದು ವಾರ ಪರೀಕ್ಷೆಗೆಂದು ತನ್ನ ಸ್ಪೀಕರುಗಳನ್ನು ಇಟ್ಟುಹೋದ. ಅಡಿಗೆಮನೆಯಲ್ಲಿ ಹಾಡು ಕೇಳಿತು, ಸುಳ್ಳು ಹೇಳಲಾರೆ, ಹಿತವಾಗಿತ್ತು. ಆದರೆ ಆ್ಯಪು ಇದ್ದದ್ದು ಅವನ ಫೋನಿನಲ್ಲಿ, ಚಂದಾ ಅವನ ಹೆಸರಿನಲ್ಲಿ. ಹಾಡು ಬದಲಾಗಬೇಕಾದರೆ ಬೆಂಗಳೂರಿಗೆ ಫೋನು! ಲೈಸೆನ್ಸು ಪುಸ್ತಕ ಅಪ್ಪನ ಹೆಸರಿನಲ್ಲಿದ್ದದ್ದು ನೆನಪಾಗಿ ನಗು ಬಂತು. ಗುರುವಾರ ಕರೆಂಟು ಹೋಯಿತು. ರೌಟರು ನಿಂತಿತು, ಮೂರು ಕೋಣೆಯೂ ಒಟ್ಟಿಗೆ ಮೂಕವಾದವು. ಅಮ್ಮನ ಟ್ರಾನ್ಸಿಸ್ಟರಿಗೆ ಈ ತಾಪತ್ರಯ ಇರಲಿಲ್ಲ.

ಇನ್ನೊಂದು ಮಾತನ್ನು ನಾನು ಮಗನಿಗೆ ಹೇಳಲೇ ಇರಲಿಲ್ಲ. ನನ್ನ ಬೀರುವಿನಲ್ಲಿ ಒಂದು ಕ್ಯಾಸೆಟ್ಟಿದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿಯ ವಿಶೇಷವೇನೆಂದರೆ ನಮ್ಮಂಥವರ ದನಿಯೂ ಅದರಲ್ಲಿ ಹಿಡಿಸುತ್ತಿತ್ತು. ಕಂಪನಿಯವರು ಬಂದು ಮುದ್ರಿಸಿಕೊಳ್ಳಬೇಕಾಗಿರಲಿಲ್ಲ. 1986ರಲ್ಲಿ ತಂಗಿಯ ಮದುವೆಗೆ ಮುಂಚೆ ಅಮ್ಮ ಹಾಡುತ್ತಿದ್ದ ಹಸೆಯ ಹಾಡು, ಆರತಿ ಹಾಡುಗಳನ್ನು ನಾನು ಅಡಿಗೆಮನೆಯಲ್ಲೇ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡಿದ್ದೆ. ಅವು ಯಾವ ಚಂದಾ ಸೇವೆಯಲ್ಲೂ ಇಲ್ಲ. ಮಗ ತಂದ ಸ್ಪೀಕರುಗಳಲ್ಲಿ ಹೊರಗಿನ ತಂತಿ ಸಿಕ್ಕಿಸುವ ತೂತೇ ಇರಲಿಲ್ಲ. ಇವರ ಹಳೆಯ ಡೆಕ್ಕಿನಲ್ಲಿ ಮಾತ್ರ ಆ ಕ್ಯಾಸೆಟ್ಟು ಓಡುತ್ತದೆ.

ಹಾಗಾಗಿ ಹೈಫೈ ಉಳಿಯಿತು. ಮೂರು ಸ್ಪೀಕರು ವಾಪಸಾದವು. ನಾನು ಪೇಟೆಗೆ ಹೋಗಿ, ಹಿಂಬದಿಯಲ್ಲಿ ತಂತಿಯ ತೂತಿರುವ, ಸ್ವಂತ ಬ್ಯಾಟರಿಯ, ಮೈಮೇಲೇ ಗುಂಡಿಯಿರುವ ಒಂದೇ ಒಂದು ಸಣ್ಣ ಸ್ಪೀಕರನ್ನು ಅಡಿಗೆಮನೆಗೆ ತಂದೆ. ಡೆಕ್ಕಿನಿಂದ ಅದಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ ಉದ್ದದ ತಂತಿ ಎಳೆದುಕೊಟ್ಟವರು ಇವರೇ. ತಮ್ಮ ಸೆಟ್ಟು ಉಳಿದ ಸಂತೋಷದಲ್ಲಿ ಏಣಿ ಹತ್ತಲೂ ಸಿದ್ಧರಾಗಿದ್ದರು. ಮಗ ವಿಡಿಯೋ ಕರೆಯಲ್ಲಿ ಆ ತಂತಿ ನೋಡಿ ತಲೆ ಚಚ್ಚಿಕೊಂಡ.

ಸಂಜೆ ಕ್ಯಾಸೆಟ್ಟು ಹಾಕಿದೆ. ಎರಡನೆಯ ಹಾಡಿನ ನಡುವೆ ಅಮ್ಮ ಥಟ್ಟನೆ ನಿಲ್ಲಿಸಿ, "ಏ, ಹಾಲು ನೋಡೇ, ಉಕ್ತು!" ಎಂದಳು. ನಾನು ಒಲೆಯ ಕಡೆ ಓಡಿದೆ. ಒಲೆ ಹಚ್ಚಿಯೇ ಇರಲಿಲ್ಲ.