ವಿಶ್ವವಿದ್ಯಾನಿಲಯದ ಆವರಣದಲ್ಲಿ ವೈಫೈ: ಹೊಸದಾಗಿ ಸೇರುವವರು ತಿಳಿದಿರಬೇಕಾದ ಸಂಗತಿಗಳು

ಪ್ರವೇಶಾತಿ ಮುಗಿದು ತರಗತಿಗಳು ಶುರುವಾಗುವ ಹೊತ್ತಿಗೆ ನಮ್ಮ ಗಡಿ ಊರುಗಳ ಮಕ್ಕಳು ಹತ್ತಾರು ದಿಕ್ಕಿಗೆ ಹೊರಡುತ್ತಾರೆ. ಕಾಸರಗೋಡಿನವರು ಕೊಣಾಜೆಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೋ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೋ ಕಲಬುರಗಿಗೋ, ಜತ್ತದವರು ವಿಜಯಪುರಕ್ಕೋ, ರಾಯದುರ್ಗದವರು ಅನಂತಪುರಕ್ಕೋ ಬಳ್ಳಾರಿಗೋ, ತಾಳವಾಡಿಯವರು ಮೈಸೂರಿಗೋ ಕೊಯಮತ್ತೂರಿಗೋ. ಎಲ್ಲಿಗೆ ಹೋದರೂ ಪರೀಕ್ಷಾ ಅರ್ಜಿ, ಶುಲ್ಕದ ರಸೀದಿ, ವಿದ್ಯಾರ್ಥಿವೇತನ ಎಲ್ಲವೂ ಇಂಟರ್ನೆಟ್ಟಿನಲ್ಲೇ. ಮೊಬೈಲ್ ಡೇಟಾ ಇದೆಯಲ್ಲ, ವೈಫೈ ಯಾಕೆ ಎಂದು ಕೇಳುವ ಪೋಷಕರಿದ್ದಾರೆ. ಗ್ರಂಥಾಲಯದವರು ಚಂದಾ ಕಟ್ಟಿ ತರಿಸುವ ಎಷ್ಟೋ ಸಂಶೋಧನಾ ಪತ್ರಿಕೆಗಳು ಆವರಣದ ನೆಟ್‌ವರ್ಕಿನಿಂದ ಬಂದವರಿಗೆ ಮಾತ್ರ ತೆರೆದುಕೊಳ್ಳುತ್ತವೆ. ಅದೇ ಪುಟವನ್ನು ಮೊಬೈಲ್ ಡೇಟಾದಲ್ಲಿ ತೆರೆದರೆ ಹಣ ಕೊಡಿ ಎನ್ನುತ್ತದೆ. ಎಂ.ಎ., ಪಿಎಚ್.ಡಿ. ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಆವರಣದ ವೈಫೈ ಮನೆಯ ವೈಫೈನಂತೆ ಅಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ವಿಶ್ವವಿದ್ಯಾನಿಲಯದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರುತ್ತದೆ. ಇದಕ್ಕೆ ಹಿನ್ನೆಲೆಯಿದೆ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಗಳ ಹೊತ್ತಿನಲ್ಲಿ ಬಂದ ಬೆದರಿಕೆಯ ಇಮೇಲ್ ನವಿ ಮುಂಬಯಿಯ ಮನೆಯೊಂದರ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ತನಿಖೆಯವರು ಮೊದಲು ತಟ್ಟಿದ್ದು ಆ ಮನೆಯ ಬಾಗಿಲನ್ನು. ಮುಂದಿನ ವರ್ಷವೇ ದೂರಸಂಪರ್ಕ ಇಲಾಖೆ, ವೈಫೈ ಬಳಸುವವರು ಯಾರೆಂದು ಗೊತ್ತಿರಬೇಕು ಎಂಬ ಅರ್ಥದ ಸೂಚನೆಗಳನ್ನು ಹೊರಡಿಸಿತು. ಆದ್ದರಿಂದ ನಿಮ್ಮ ಲಾಗಿನ್ನಿನಲ್ಲಿ ಯಾರು ಏನು ಮಾಡಿದರೂ ದಾಖಲೆಯಲ್ಲಿ ಉಳಿಯುವುದು ನಿಮ್ಮ ಹೆಸರು. ರೂಮ್‌ಮೇಟ್ ಎಷ್ಟೇ ಆಪ್ತರಾಗಿದ್ದರೂ ಪಾಸ್‌ವರ್ಡ್ ಹಂಚಿಕೊಳ್ಳಬೇಡಿ.

ಲಾಗಿನ್ ಪುಟ ಬರುವ ವೈಫೈ

ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ಮೊದಲನೆಯದರಲ್ಲಿ ನೆಟ್‌ವರ್ಕಿಗೆ ಸೇರಿದ ಮೇಲೆ ಒಂದು ಪುಟ ತೆರೆದುಕೊಂಡು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಬಹಳ ಜನಕ್ಕೆ ಈ ಪುಟವೇ ಬರುವುದಿಲ್ಲ. ವಿಪಿಎನ್ ಚಾಲೂ ಇದ್ದರೆ ಅಥವಾ ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬಲ್ಲಿ ಯಾವುದಾದರೂ ಸೇವೆಯ ಹೆಸರು ಹಾಕಿದ್ದರೆ ಹೀಗಾಗುತ್ತದೆ. ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಸೇರಿ ನೋಡಿ.

ಕೆಲವು ಕಡೆ ಲಾಗಿನ್ನಿಗೆ ಮೊಬೈಲ್‌ಗೆ ಒಟಿಪಿ ಕಳಿಸುತ್ತಾರೆ. ಪ್ರವೇಶ ಅರ್ಜಿಯಲ್ಲಿ ಅಪ್ಪನ ನಂಬರ್ ಕೊಟ್ಟಿದ್ದರೆ ಒಟಿಪಿ ಊರಿನಲ್ಲಿರುವ ಅಪ್ಪನ ಮೊಬೈಲ್‌ಗೆ ಹೋಗುತ್ತದೆ, ಅವರು ಹೊಲದಲ್ಲೋ ಅಂಗಡಿಯಲ್ಲೋ ಇರುತ್ತಾರೆ. ಸೇರುವಾಗಲೇ ವಿದ್ಯಾರ್ಥಿಯ ಸ್ವಂತ ನಂಬರ್ ಕೊಡುವುದು ಒಳ್ಳೆಯದು. ಹೊಸ ರಾಜ್ಯಕ್ಕೆ ಹೋದೆವೆಂದು ಸಿಮ್ ಬದಲಿಸುವವರು ಕಚೇರಿಯಲ್ಲಿ ನಂಬರ್ ಬದಲಿಸಿದ ಮೇಲೆಯೇ ಹಳೆಯದನ್ನು ಬಿಡಬೇಕು.

ಇನ್ನು ಕೆಲವು ಕಡೆ ಮೊಬೈಲ್‌ನ ಮ್ಯಾಕ್ ವಿಳಾಸ ಬರೆಸಿಕೊಂಡು ಅದಕ್ಕೆ ಮಾತ್ರ ಅನುಮತಿ ಕೊಡುತ್ತಾರೆ. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14ರಿಂದ ಈಚೆಗೆ ಫೋನುಗಳು ಗೋಪ್ಯತೆಗಾಗಿ ನಕಲಿ ಮ್ಯಾಕ್ ವಿಳಾಸ ಬಳಸುತ್ತವೆ. ನೋಂದಾಯಿಸಿದ್ದೇ ಒಂದು, ಫೋನ್ ತೋರಿಸುವುದೇ ಇನ್ನೊಂದು ಆದರೆ ಸಂಪರ್ಕ ಸಿಗದು. ಅದೊಂದು ನೆಟ್‌ವರ್ಕಿಗೆ ಮಾತ್ರ ಆ ಸೌಲಭ್ಯವನ್ನು ಆಫ್ ಮಾಡಿ. ಉಳಿದೆಡೆ ಹಾಗೇ ಇರಲಿ.

ಎಜುರೋಮ್

ಎರಡನೆಯ ಬಗೆಯಲ್ಲಿ ಪುಟ ಬರುವುದಿಲ್ಲ. ಸೇರುವಾಗ ಫೋನಿನ ಸೆಟ್ಟಿಂಗ್‌ನಲ್ಲೇ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಬೇಕು. ಇದರಲ್ಲಿ ಹೆಚ್ಚು ಹೆಸರಾದದ್ದು ಎಜುರೋಮ್. 2002ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಯೋಜನೆ ಇದು. ಈಗ ನೂರಕ್ಕೂ ಹೆಚ್ಚು ದೇಶ ಮತ್ತು ಪ್ರಾಂತ್ಯಗಳಲ್ಲಿದೆ. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಅರ್ನೆಟ್ ಇಂಡಿಯಾ. ನಿಮ್ಮ ವಿಶ್ವವಿದ್ಯಾನಿಲಯ ಸದಸ್ಯವಾಗಿದ್ದರೆ ಅಲ್ಲಿನ ಲಾಗಿನ್ನಿನಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಇನ್ನೊಂದು ಸದಸ್ಯ ಸಂಸ್ಥೆಯಲ್ಲೂ ವೈಫೈ ಸಿಗುತ್ತದೆ.

ಇದು ಕೆಲಸ ಮಾಡುವ ಬಗೆ ತಿಳಿದರೆ ಅರ್ಧ ತೊಂದರೆ ತಾನಾಗಿ ಬಗೆಹರಿಯುತ್ತದೆ. ಯೂಸರ್‌ನೇಮ್ ಇಮೇಲ್ ವಿಳಾಸದ ಹಾಗೆ ಇರುತ್ತದೆ: ಮೊದಲು ರಿಜಿಸ್ಟರ್ ನಂಬರ್, ಆಮೇಲೆ @ ಚಿಹ್ನೆ, ಆಮೇಲೆ ಸಂಸ್ಥೆಯ ಹೆಸರು. @ ಚಿಹ್ನೆಯ ನಂತರದ ಭಾಗವನ್ನು ನೋಡಿ ನೀವಿರುವ ಆವರಣದ ಸರ್ವರ್ ನಿಮ್ಮ ಕೋರಿಕೆಯನ್ನು ನಿಮ್ಮ ಸಂಸ್ಥೆಯ ಸರ್ವರಿಗೆ ದಾಟಿಸುತ್ತದೆ. ಅಂಚೆಯಲ್ಲಿ ಪಿನ್‌ಕೋಡ್ ಮಾಡುವ ಕೆಲಸವೇ ಇದು. ‘ಇವರು ನಮ್ಮವರು’ ಎಂದು ಅಲ್ಲಿಂದ ಉತ್ತರ ಬಂದರೆ ಬಾಗಿಲು ತೆರೆಯುತ್ತದೆ. ಸೆಟ್ಟಿಂಗ್ ಸರಿಯಾಗಿದ್ದರೆ ನೀವು ಅತಿಥಿಯಾಗಿರುವ ಸಂಸ್ಥೆಗೆ ನಿಮ್ಮ ಪಾಸ್‌ವರ್ಡ್ ಕಾಣುವುದೇ ಇಲ್ಲ. ಸ್ವಂತ ಆವರಣದಲ್ಲಿ @ ಚಿಹ್ನೆಯ ನಂತರದ ಭಾಗ ಬಿಟ್ಟರೂ ಕೆಲವೊಮ್ಮೆ ನಡೆದುಬಿಡುತ್ತದೆ, ಪರ ಊರಿನಲ್ಲಿ ನಡೆಯುವುದಿಲ್ಲ. ಪೂರ್ತಿ ಹೆಸರು ಹಾಕಿ, ನಿಮ್ಮದೇ ಆವರಣದಲ್ಲಿ ಒಮ್ಮೆ ಸೇರಿ ನೋಡಿದ ಮೇಲೆಯೇ ಪ್ರಯಾಣ ಹೊರಡಿ. ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ಮೊದಲ ಅಕ್ಷರವನ್ನು ಫೋನು ತಾನಾಗಿ ದೊಡ್ಡಕ್ಷರ ಮಾಡಿದೆಯೇ, ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿದೆಯೇ ನೋಡಿ.

ಸರ್ಟಿಫಿಕೇಟ್ ಎಂಬ ಸಾಲು

ಎಲ್ಲರೂ ಹಾರಿಸಿಬಿಡುವ ಸಾಲು ಇದು. ನಮ್ಮ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದೂ ಇದೇ. ವೈಫೈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಬ್ಯಾಗಿನಲ್ಲಿ ಹಿಡಿಸುವ ಒಂದು ಉಪಕರಣಕ್ಕೆ ವಿಶ್ವವಿದ್ಯಾನಿಲಯದ್ದೇ ಹೆಸರು ಕೊಟ್ಟು ಯಾರಾದರೂ ಕ್ಯಾಂಟೀನಿನಲ್ಲಿ ಕೂತರೆ, ನಿಮ್ಮ ಫೋನು ಪರಿಚಯದ ಹೆಸರು ಕಂಡು ತಾನಾಗಿ ಅದಕ್ಕೆ ಸೇರಲು ಹೋಗುತ್ತದೆ. ಬ್ಯಾಂಕಿನ ಬೋರ್ಡು ತೂಗುಹಾಕಿದ ಯಾರದೋ ಮಳಿಗೆಗೆ ಹೋಗಿ ಹಣ ಕಟ್ಟಿಬಂದ ಹಾಗಾಗುತ್ತದೆ. ಎದುರಿಗಿರುವುದು ನಿಜವಾದ ಸರ್ವರೇ ಎಂದು ಫೋನು ಪರೀಕ್ಷಿಸುವುದು ಸರ್ಟಿಫಿಕೇಟಿನಿಂದ. ಅದನ್ನು ‘ಪರೀಕ್ಷಿಸಬೇಡ’ ಎಂದು ಬಿಟ್ಟರೆ ಕಾವಲಿಲ್ಲ.

ಪಾಸ್‌ವರ್ಡ್ ಗೂಢಲಿಪಿಯಲ್ಲಿ ಹೋಗುತ್ತದಲ್ಲ ಎಂದು ಕೆಲವರು ಹೇಳುವುದುಂಟು. ಬಹಳ ಕಡೆ ಬಳಕೆಯಲ್ಲಿರುವ ಎಂಎಸ್‌ಚಾಪ್ ಎರಡನೆಯ ಆವೃತ್ತಿಯ ಗೂಢಲಿಪಿಯನ್ನು ಒಂದು ದಿನದೊಳಗೆ ಒಡೆಯಬಹುದೆಂದು 2012ರಲ್ಲೇ ತಜ್ಞರು ತೋರಿಸಿಕೊಟ್ಟಿದ್ದಾರೆ. ಟಿಟಿಎಲ್‌ಎಸ್ ಜೊತೆ ಪ್ಯಾಪ್ ಎಂಬ ವಿಧಾನವಾದರೆ ನಕಲಿ ಸರ್ವರಿಗೆ ಪಾಸ್‌ವರ್ಡ್ ಇದ್ದ ಹಾಗೇ ಸಿಕ್ಕಿಬಿಡುತ್ತದೆ. ವೈಫೈ ಪಾಸ್‌ವರ್ಡ್ ಹೋದರೆ ಹೋಗಲಿ ಎನ್ನುವಂತಿಲ್ಲ. ಅನೇಕ ಕಡೆ ಅದೇ ಪಾಸ್‌ವರ್ಡ್ ಸಂಸ್ಥೆಯ ಇಮೇಲ್, ಪರೀಕ್ಷಾ ಅರ್ಜಿ, ಗ್ರಂಥಾಲಯದ ಖಾತೆ ಎಲ್ಲಕ್ಕೂ ಕೀಲಿಕೈ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ನಿಮ್ಮ ಸಂಸ್ಥೆ ಎಜುರೋಮ್ ಸದಸ್ಯವಾಗಿದ್ದು ತನ್ನ ವಿವರಗಳನ್ನು ಅಲ್ಲಿ ಕೊಟ್ಟಿದ್ದರೆ, ಗೆಟ್‌ಎಜುರೋಮ್ ಎಂಬ ಆ್ಯಪ್ ಹಾಕಿಕೊಂಡು ಸಂಸ್ಥೆಯ ಹೆಸರು ಆರಿಸಿದರೆ ಸಾಕು, ಸರ್ಟಿಫಿಕೇಟ್ ಸಮೇತ ಎಲ್ಲವನ್ನೂ ಅದೇ ತುಂಬುತ್ತದೆ. ಆವರಣಕ್ಕೆ ಹೋಗುವ ಮುಂಚೆ, ಮನೆಯಲ್ಲೇ ಮೊಬೈಲ್ ಡೇಟಾದಲ್ಲಿ ಇದನ್ನು ಮಾಡಿಟ್ಟುಕೊಳ್ಳಬಹುದು. ಕೈಯಿಂದ ತುಂಬುವುದಾದರೆ ಸರ್ಟಿಫಿಕೇಟ್ ಯಾವುದು, ಡೊಮೇನ್ ಯಾವುದು ಎಂದು ಕಂಪ್ಯೂಟರ್ ಕೇಂದ್ರದವರಿಂದ ಬರೆಸಿಕೊಳ್ಳಿ. ಆಂಡ್ರಾಯ್ಡ್ 11ರ ನಂತರದ ಬಹಳಷ್ಟು ಫೋನುಗಳಲ್ಲಿ ‘ಪರೀಕ್ಷಿಸಬೇಡ’ ಎಂಬ ಆಯ್ಕೆಯನ್ನೇ ತೆಗೆದಿದ್ದಾರೆ. ಸೀನಿಯರ್‌ಗಳು ಹೇಳಿಕೊಟ್ಟ ಹಳೆಯ ದಾರಿ ಹೊಸ ಫೋನಿನಲ್ಲಿ ನಡೆಯದಿರುವುದು ಇದರಿಂದಲೇ. ಅಂಥ ಫೋನಿನಲ್ಲಿ ಡೊಮೇನ್ ಸಾಲು ಖಾಲಿ ಬಿಟ್ಟರೆ ಸೇವ್ ಬಟನ್ನೇ ಒತ್ತಲು ಬರುವುದಿಲ್ಲ. ಐಫೋನ್ ಮೊದಲ ಸಲ ಸೇರುವಾಗ ಸರ್ಟಿಫಿಕೇಟ್ ತೋರಿಸಿ ‘ಟ್ರಸ್ಟ್’ ಮಾಡಲೇ ಎಂದು ಕೇಳುತ್ತದೆ. ಬರೆಸಿಕೊಂಡ ಹೆಸರಿಗೆ ತಾಳೆ ನೋಡಿ ಒತ್ತಿ. ಒಮ್ಮೆ ಒಪ್ಪಿದ ಮೇಲೆ ಕೆಲವು ತಿಂಗಳಲ್ಲಿ ಮತ್ತೆ ಕೇಳಿದರೆ ಅವಸರ ಬೇಡ. ಸಂಸ್ಥೆಯವರು ಸರ್ಟಿಫಿಕೇಟ್ ಬದಲಿಸಿರಬಹುದು, ಇಲ್ಲವೇ ಎದುರಿಗಿರುವುದು ಬೇರೆ ಯಾರೋ ಆಗಿರಬಹುದು. ಕೇಳಿ ತಿಳಿದೇ ಮುಂದುವರಿಯಿರಿ. ಫೋನಿನ ದಿನಾಂಕ ತಪ್ಪಿದ್ದರೂ ಸರ್ಟಿಫಿಕೇಟ್ ತಿರಸ್ಕೃತವಾಗುತ್ತದೆ ಎಂಬುದು ಗೊತ್ತಿರಲಿ.

ಭಾಷೆಯ ತೊಡಕು

ನಮ್ಮ ಮಕ್ಕಳಿಗೆ ಮಾತ್ರ ಇರುವ ಒಂದು ತೊಂದರೆ ಇದು. ಫೋನು ಕನ್ನಡದಲ್ಲಿರುತ್ತದೆ, ಕಂಪ್ಯೂಟರ್ ಕೇಂದ್ರದ ಸೂಚನಾಪತ್ರ ಇಂಗ್ಲಿಷಿನಲ್ಲಿರುತ್ತದೆ, ಕೌಂಟರಿನಲ್ಲಿರುವವರು ಮಲಯಾಳದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಮಾತಾಡುತ್ತಾರೆ. ‘ಐಡೆಂಟಿಟಿ’, ‘ಅನಾನಿಮಸ್ ಐಡೆಂಟಿಟಿ’ ಎಂಬ ಎರಡು ಸಾಲುಗಳು ಕನ್ನಡಕ್ಕೆ ತಿರುಗಿದಾಗ ಯಾವುದು ಯಾವುದೆಂದು ಗೊತ್ತಾಗದೆ ಅದಲು ಬದಲಾಗುತ್ತವೆ. ಹತ್ತು ನಿಮಿಷದ ಮಟ್ಟಿಗೆ ಫೋನನ್ನು ಇಂಗ್ಲಿಷಿಗೆ ಹಾಕಿ, ಸೇರಿದ ಮೇಲೆ ಕನ್ನಡಕ್ಕೆ ತನ್ನಿ. ಕನ್ನಡಾಭಿಮಾನಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ.

ಸೇರಿದ್ದರೂ ನಿಧಾನ

ವೈಫೈ ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಹರಡುತ್ತದೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ. ಹಾಸ್ಟೆಲಿನಲ್ಲಿ ರಾತ್ರಿ ಊಟದ ನಂತರ ಎಲ್ಲರೂ ಒಟ್ಟಿಗೆ ಸೇರಿದಾಗ ಇಲ್ಲೇ ನೂಕುನುಗ್ಗಲು. 5 ಗಿಗಾಹರ್ಟ್ಸ್ ವೇಗದ್ದು, ದಪ್ಪ ಗೋಡೆ ದಾಟಲಾರದು. ಆಕ್ಸೆಸ್ ಪಾಯಿಂಟ್ ಕಾರಿಡಾರಿನಲ್ಲಿದ್ದರೆ ಬಾಗಿಲ ಹತ್ತಿರ ಕೂತರೆ ವ್ಯತ್ಯಾಸ ಕಾಣುತ್ತದೆ. ರೂಮಿನಲ್ಲಿ ಸ್ವಂತ ರೂಟರ್ ಹಾಕಿಕೊಂಡರೆ ಅಕ್ಕಪಕ್ಕದವರ ಸಂಪರ್ಕ ಇನ್ನಷ್ಟು ಕೆಡುತ್ತದೆ, ಎಷ್ಟೋ ಕಡೆ ಅದಕ್ಕೆ ನಿಷೇಧವೂ ಇದೆ.

ದೂರು ಕೊಡುವಾಗ ‘ವೈಫೈ ಬರುತ್ತಿಲ್ಲ’ ಎಂದರೆ ಯಾರೂ ಏನೂ ಮಾಡಲಾರರು. ಯಾವ ಕಟ್ಟಡ, ಎಷ್ಟನೆಯ ಮಹಡಿ, ಎಷ್ಟು ಗಂಟೆಗೆ, ಯಾವ ಫೋನು, ಪರದೆಯ ಮೇಲೆ ಏನು ಬಂತು ಎಂದು ಬರೆದು ಕೊಡಿ. ಸ್ಕ್ರೀನ್‌ಶಾಟ್ ಇದ್ದರೆ ಭಾಷೆ ಬಾರದಿದ್ದರೂ ಕೆಲಸ ನಡೆಯುತ್ತದೆ. ಪಾಸ್‌ವರ್ಡ್ ಮಾತ್ರ ಯಾರಿಗೂ ಬರೆದುಕೊಡಬೇಡಿ, ಕಂಪ್ಯೂಟರ್ ಕೇಂದ್ರದವರಿಗೂ ಅದರ ಅಗತ್ಯವಿಲ್ಲ.

ಕೋರ್ಸ್ ಮುಗಿಸಿ ಊರಿಗೆ ಬರುವವರಿಗೆ ಒಂದು ಮಾತು. ಲಾಗಿನ್ ಮುಚ್ಚಿದರೆ ಅದರ ಜೊತೆಗೆ ಸಂಸ್ಥೆಯ ಇಮೇಲೂ ಹೋಗಬಹುದು. ಉದ್ಯೋಗದ ಅರ್ಜಿಗಳಲ್ಲಿ, ವಿದ್ಯಾರ್ಥಿವೇತನದ ಖಾತೆಯಲ್ಲಿ ಆ ವಿಳಾಸ ಕೊಟ್ಟಿದ್ದರೆ ಮುಂಚಿತವಾಗಿ ಬದಲಿಸಿ, ಪ್ರಬಂಧದ ಕಡತಗಳನ್ನು ಇಳಿಸಿಕೊಳ್ಳಿ, ಆಮೇಲೆ ಫೋನಿನಿಂದ ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ.