ಚಿಕ್ಕ ಅಳತೆಯ ಪರೀಕ್ಷೆ: ಬೆಳಗಾವಿ–ಖಾನಾಪುರದ ಆನ್‌ಲೈನ್ ಕೋರ್ಸುಗಳಿಗೆ ಲೋಗೊ ರಚನೆ

ಸಾರಾಂಶ

ಆನ್‌ಲೈನ್ ಕೋರ್ಸಿನ ಲೋಗೊ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಬಹುಪಾಲು ಮೊಬೈಲ್ ಪರದೆಯ ಕಿರಿದಾದ ಜಾಗದಲ್ಲಿ. ಆದ್ದರಿಂದ ಅದರ ರಚನೆ ಅತಿ ಚಿಕ್ಕ ಅಳತೆಯಿಂದಲೇ ಆರಂಭವಾಗಬೇಕು ಎಂಬುದು ಈ ಲೇಖನದ ವಾದ. ಬೆಳಗಾವಿ ಮತ್ತು ಖಾನಾಪುರದ ಪ್ರಾಚೀನ ಕಲೆ, ಕನ್ನಡ ಲಿಪಿಯ ಸ್ವರೂಪ ಹಾಗೂ ಬಣ್ಣಗಳ ನೆಲೆಯಲ್ಲಿ ಈ ವಾದವನ್ನು ಪರಿಶೀಲಿಸಿ, ಕುಂಬಾರಿಕೆ ಕೋರ್ಸಿಗೆ ಒಂದು ಮಾದರಿಯನ್ನು ಸೂಚಿಸಲಾಗಿದೆ.

1. ಸಂಸ್ಥೆಯ ಲಾಂಛನ, ಕೋರ್ಸಿನ ಲೋಗೊ

ಕೆಎಲ್‌ಇ ಸಂಸ್ಥೆ (1916), ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (1998), ರಾಣಿ ಚನ್ನಮ್ಮ ವಿಶ್ವವಿದ್ಯಾಲಯ (2010) ನೆಲೆಸಿರುವ ಬೆಳಗಾವಿಯಲ್ಲಿ ಶೈಕ್ಷಣಿಕ ಲಾಂಛನಗಳಿಗೆ ಕೊರತೆಯಿಲ್ಲ. ಸಾಮಾನ್ಯವಾಗಿ ಸಂಸ್ಥೆಯ ಲಾಂಛನವನ್ನು ಹೆಬ್ಬಾಗಿಲು, ಪದವಿಪತ್ರ, ಮೊಹರುಗಳಿಗಾಗಿ ರೂಪಿಸುತ್ತಾರೆ. ಅದರ ಸುತ್ತಿನ ಧ್ಯೇಯವಾಕ್ಯವನ್ನು ನಿಂತು ಓದಲು ಅಲ್ಲಿ ಅವಕಾಶವಿದೆ. ಕೋರ್ಸಿನ ಲೋಗೊಗೆ ಆ ಅವಕಾಶವಿಲ್ಲ. ಬ್ರೌಸರಿನ ಗುರುತಾಗಿ ಅದಕ್ಕೆ ಸಿಗುವುದು 16 ಅಥವಾ 32 ಪಿಕ್ಸೆಲ್‌ನ ಚೌಕ. ವಾಟ್ಸಾಪ್ ಗುಂಪಿನ ಚಿತ್ರವಾದರೆ ಚೌಕವನ್ನು ವೃತ್ತವಾಗಿ ಕತ್ತರಿಸಲಾಗುತ್ತದೆ, ಮೂಲೆಗಳಲ್ಲಿದ್ದ ಶೇ. 21ಕ್ಕಿಂತ ಹೆಚ್ಚು ಭಾಗ ಕಾಣದಾಗುತ್ತದೆ. ಆದ್ದರಿಂದ ಮುಖ್ಯ ಆಕೃತಿಯನ್ನು ಚೌಕದ ನಡುವೆ, ಬಾಹುವಿನ ಶೇ. 70ರಷ್ಟು ಅಳತೆಯೊಳಗೆ ಇಡಬೇಕು. ದೊಡ್ಡ ಲಾಂಛನವನ್ನೇ ಕುಗ್ಗಿಸಿ ಅಂಟಿಸುವ ರೂಢಿ ವಿದ್ಯಾರ್ಥಿಗೆ ಮಸುಕಾದ ಉಂಡೆಯನ್ನಷ್ಟೇ ತೋರಿಸುತ್ತದೆ.

2. ಸಿಂಹ ಮತ್ತು ಕಮಲ

ಖಾನಾಪುರ ತಾಲ್ಲೂಕಿನ ಹಲಸಿ ಬನವಾಸಿ ಕದಂಬರಿಗೆ ಎರಡನೆಯ ರಾಜಧಾನಿಯಂತಿತ್ತು. ಮುಂದೆ ಗೋವಾ ಕದಂಬರ ಆಳ್ವಿಕೆಯಲ್ಲಿ ‘ಪಲಸಿಗೆ ಹನ್ನೆರಡು ಸಾಸಿರ’ ಎಂಬ ನಾಡಿನ ಕೇಂದ್ರವಾಯಿತು. ಗೋವಾ ಕದಂಬರ ಚಿನ್ನದ ನಾಣ್ಯಗಳ ಮೇಲೆ ಅವರ ಸಿಂಹಲಾಂಛನವಿದೆ. ಬಾಲ, ಎತ್ತಿದ ಕಾಲು, ತೆರೆದ ಬಾಯಿ ಬೇರೆ ಬೇರೆಯಾಗಿ ಕಾಣುವುದರಿಂದ ಅಷ್ಟು ಸಣ್ಣ ಬಿಲ್ಲೆಯಲ್ಲೂ ಹೊರರೇಖೆಯಿಂದಲೇ ಪ್ರಾಣಿಯನ್ನು ಗುರುತಿಸಬಹುದು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ (1204) ಇದಕ್ಕೆ ಪ್ರತಿಯಾದ ಉದಾಹರಣೆ. ಅಲ್ಲಿನ ಭುವನೇಶ್ವರಿಯ (ಕೆತ್ತಿದ ಒಳಚಾವಣಿಯ) ಕಮಲ ಕೆಳಗೆ ನಿಂತು ತಲೆಯೆತ್ತಿ ನೋಡುವವರಿಗಾಗಿ ಕಡೆದದ್ದು. ಪದರಪದರವಾದ ದಳಗಳೇ ಅದರ ಸೊಗಸು. ಅದನ್ನು 32 ಪಿಕ್ಸೆಲ್‌ಗೆ ಇಳಿಸಿದರೆ ದಳಗಳು ಒಂದರೊಳಗೊಂದು ಕಲೆಯುತ್ತವೆ. ನಮ್ಮ ಪರಂಪರೆಯಿಂದ ಇಂದು ಪಡೆಯಬೇಕಾದದ್ದು ಅಲಂಕಾರವನ್ನಲ್ಲ, ಅಳತೆಯ ವಿವೇಕವನ್ನು.

3. ಲಿಪಿಯ ಬೇಡಿಕೆ

ಜ್ಞಾನ, ವಿದ್ಯಾ, ಶಿಕ್ಷಣ: ಕೋರ್ಸಿನ ಹೆಸರುಗಳಲ್ಲಿ ಮೇಲಿಂದ ಮೇಲೆ ಬರುವ ಈ ಮೂರರಲ್ಲೂ ಒತ್ತಕ್ಷರವಿದೆ. 32 ಪಿಕ್ಸೆಲ್‌ನಲ್ಲಿ ಮೇಲೆ ಕೆಳಗೆ ನಾಲ್ಕು ನಾಲ್ಕು ಅಂಚಿಗೆ ಬಿಟ್ಟರೆ ಉಳಿಯುವುದು 24. ಮೂರನೇ ಒಂದು ಪಾಲನ್ನು ಒತ್ತಿಗೆ ಕೊಟ್ಟರೆ 8 ಪಿಕ್ಸೆಲ್. ಗೆರೆಯೂ ಗೆರೆಗಳ ನಡುವಿನ ಬಯಲೂ ಅಷ್ಟರಲ್ಲೇ ಹಿಡಿಯಬೇಕು. ಅಕ್ಷರವನ್ನು ಗುರುತಾಗಿ ಬಳಸುವುದಾದರೆ ಒತ್ತಿಲ್ಲದ ಒಂದೇ ಅಕ್ಷರ ಸಾಕು. ಪೂರ್ಣ ಹೆಸರು ಅಗಲವಾದ ಪ್ರತ್ಯೇಕ ರೂಪದಲ್ಲಿರಲಿ.

ಖಾನಾಪುರದಲ್ಲಿ ಮರಾಠಿ, ಕೊಂಕಣಿ ಮಾತನಾಡುವ ವಿದ್ಯಾರ್ಥಿಗಳೂ ಇದ್ದಾರೆ. ದೇವನಾಗರಿ ಅಕ್ಷರಗಳು ಶಿರೋರೇಖೆಯಿಂದ ಕೆಳಗಿಳಿಯುತ್ತವೆ. ಕನ್ನಡ ಅಕ್ಷರಗಳು ಬಿಡಿ ತಲೆಕಟ್ಟುಗಳನ್ನು ಹೊತ್ತು ಒತ್ತನ್ನು ಅಡಿಯಲ್ಲಿ ಇಳಿಬಿಡುತ್ತವೆ. ಎರಡೂ ಲಿಪಿಗಳಲ್ಲಿ ಹೆಸರು ಬೇಕಾದಾಗ ಫಾಂಟಿನ ಅಂಕಿಯನ್ನು ನೆಚ್ಚದೆ, ಅಕ್ಷರಗಳ ಮೈ ಎತ್ತರವನ್ನು ಕಣ್ಣಳತೆಯಲ್ಲಿ ಸಮಗೊಳಿಸಬೇಕು. ಎರಡಕ್ಕೂ ಚಿತ್ರರೂಪದ ಗುರುತು ಒಂದೇ ಆಗಿರಬೇಕು.

4. ಬಣ್ಣ

ಅರಿಶಿನ–ಕುಂಕುಮ ಬಣ್ಣಗಳ ಮೇಲಿನ ಪ್ರೀತಿ ಗಡಿನಾಡಿನ ಕನ್ನಡಿಗರಲ್ಲಿ ಆಳವಾದದ್ದು. ಆದರೆ ಬಿಳಿ ಪರದೆಯ ಮೇಲೆ ಶುದ್ಧ ಹಳದಿಯ ವ್ಯತ್ಯಾಸಾನುಪಾತ (ಹೊಳಪಿನ ಅಂತರದ ಅಳತೆ) ಸುಮಾರು 1.07:1, ಎಂದರೆ ಕಾಣದಷ್ಟೇ ಸರಿ. ಬಿಳಿಯ ಮೇಲೆ ಕೆಂಪಿನದು 4:1, ಕೆಂಪಿನ ಮೇಲೆ ಹಳದಿಯದು ಸುಮಾರು 3.7:1. ಚಿತ್ರಾತ್ಮಕ ಅಂಶಗಳಿಗೆ 2018ರ ಅಂತರರಾಷ್ಟ್ರೀಯ ಜಾಲ ಮಾರ್ಗಸೂಚಿ ಕೇಳುವ ಕನಿಷ್ಠ ಅನುಪಾತ 3:1. ಲೋಗೊಗಳಿಗೆ ಇದರಿಂದ ವಿನಾಯಿತಿಯಿದ್ದರೂ, ದೃಷ್ಟಿ ಮಂದವಾದ ಕಲಿಕೆದಾರರನ್ನು ನೆನೆದು ಈ ಮಟ್ಟವನ್ನು ಕಾಯುವುದು ನಮ್ಮ ಹೊಣೆ. ಹಳದಿಯನ್ನು ಬಳಸುವುದಾದರೆ ಕೆಂಪು ನೆಲದ ಮೇಲೆ ಬಳಸಬೇಕು.

5. ಒಂದು ಮಾದರಿ

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿದೆ. ಈ ಕಸುಬನ್ನು ಆನ್‌ಲೈನಿನಲ್ಲಿ ಕಲಿಸುವ ಕೋರ್ಸೊಂದನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ದೀಪ, ಪುಸ್ತಕ, ಪದವಿ ಟೋಪಿಗಳು ‘ಶಿಕ್ಷಣ’ ಎಂದಷ್ಟೇ ಹೇಳುತ್ತವೆ. ಪಕ್ಕದ ಯಾವ ಕೋರ್ಸಿನಿಂದಲೂ ಇದನ್ನು ಬೇರ್ಪಡಿಸುವುದಿಲ್ಲ. ಗಡಿಗೆಯನ್ನು ಮಾತ್ರ ಬರೆದರೆ ಅಂಗಡಿಯ ಗುರುತಾದೀತು. ತಿಗರಿಯ ಮೇಲೆ ಇನ್ನೂ ಏಳುತ್ತಿರುವ, ಬಾಯಿ ತೆರೆದ ಗಡಿಗೆಯಾದರೆ ಮಾಡುವ ಕೆಲಸವೇ ಕಾಣುತ್ತದೆ. ತುಂಬಿದ ಎರಡೇ ಆಕೃತಿಗಳು, ನಡುವೆ ಸ್ಪಷ್ಟವಾದ ಬಯಲು, ಸುಟ್ಟ ಮಣ್ಣಿನ ಒಂದೇ ಬಣ್ಣ ಇದಕ್ಕೆ ಸಾಕು. ಆ ಬಣ್ಣ ಎಲ್ಲ ಭಾಷೆಗಳ ಕುಂಬಾರರಿಗೂ ಸೇರಿದ್ದು.

ಇದನ್ನು ಒಪ್ಪುವ ಮೊದಲು 32 ಪಿಕ್ಸೆಲ್‌ನಲ್ಲಿ, ವೃತ್ತದೊಳಗೆ, ಕಪ್ಪು–ಬಿಳುಪು ಜೆರಾಕ್ಸ್‌ನಲ್ಲಿ, ಇತರ ಕೋರ್ಸುಗಳ ಗುರುತುಗಳ ನಡುವೆ ಇಟ್ಟು ಕಲಿಯುವವರಿಗೇ ತೋರಿಸಬೇಕು. ಶಿಕ್ಷಣ ಸೇವೆ ಸೇರುವ 41ನೇ ವರ್ಗದಲ್ಲಿ ಹೋಲುವ ಗುರುತುಂಟೆ ಎಂದು ಟ್ರೇಡ್‌ಮಾರ್ಕ್ ದಾಖಲೆಯನ್ನೂ ಹುಡುಕಬೇಕು. 1999ರ ಕಾಯ್ದೆಯಂತೆ ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಣ.

6. ನಿರ್ಣಯ

ಚಿಕ್ಕದರಲ್ಲಿ ನಿಲ್ಲುವ ಗುರುತನ್ನು ಹಿಗ್ಗಿಸುವುದು ಸುಲಭ. ದೊಡ್ಡದಕ್ಕೆಂದು ಮಾಡಿದ್ದನ್ನು ಕುಗ್ಗಿಸಿದಾಗ ಅರ್ಥವೇ ಸೋರಿಹೋಗುತ್ತದೆ. ಆದ್ದರಿಂದ ಬೆಳಗಾವಿಯ ಸಂಸ್ಥೆಗಳು ತಮ್ಮ ಲಾಂಛನವನ್ನು ಪ್ರಮಾಣಪತ್ರದ ಮೇಲೆ ಗೌರವದಿಂದ ಉಳಿಸಿಕೊಳ್ಳಲಿ. ಪ್ರತಿ ಕೋರ್ಸಿಗೆ, ಅದು ಕಲಿಸುವ ಕೆಲಸದಿಂದಲೇ ಹುಟ್ಟಿದ ಬೇರೆ ಗುರುತನ್ನು ಕೊಡಲಿ. ಅಗ್ಗದ ಮೊಬೈಲಿನಲ್ಲಿ ಪಾಠ ಹುಡುಕುವ ಹಳ್ಳಿಯ ವಿದ್ಯಾರ್ಥಿಗೆ ತನ್ನ ಕೋರ್ಸು ಮೊದಲ ನೋಟಕ್ಕೇ ಸಿಗುವಂತೆ ಮಾಡುವುದು ಶಿಕ್ಷಣದ ಕೆಲಸದ ಭಾಗವೇ.