ಕಾದಂಬರಿಯೂ ಶಬ್ದಸಂಪತ್ತೂ

ಮಾತನ್ನು ಕಲಿಯುವುದು ಬೇರೆ, ಮಾತುಗಳ ಪಟ್ಟಿಯನ್ನು ಕಲಿಯುವುದು ಬೇರೆ. ಕನ್ನಡ ನಾಡಿನ ಹಳೆಯ ವಿದ್ಯಾಕ್ರಮದಲ್ಲಿ ಎರಡನೆಯದಕ್ಕೇ ಪ್ರಾಶಸ್ತ್ಯವಿದ್ದಿತು. ಕೂಲಿಮಠದ ಜಗಲಿಯಲ್ಲಿ ಮರಳಿನ ಮೇಲೆ ಅಕ್ಷರಗಳನ್ನು ತಿದ್ದಿ ಮುಗಿಸಿದ ಹುಡುಗನು ಅಮರಕೋಶವನ್ನು ಕಂಠಪಾಠಮಾಡುತ್ತಿದ್ದನು. ಬೆಂಕಿಗೆ ಎಷ್ಟು ಹೆಸರು, ನೀರಿಗೆ ಎಷ್ಟು ಹೆಸರು ಎಂದು ಕೇಳಿದರೆ ತಡೆಯಿಲ್ಲದೆ ಒಪ್ಪಿಸುತ್ತಿದ್ದನು. ಆದರೆ ಯಾವ ಹೆಸರನ್ನು ಎಲ್ಲಿ ಬಳಸಿದರೆ ಒಪ್ಪುವುದೆಂಬುದನ್ನು ಪಟ್ಟಿಯು ತಿಳಿಸುತ್ತಿರಲಿಲ್ಲ. ಜೈಮಿನಿ ಭಾರತವನ್ನು ರಾಗವಾಗಿ ಓದಿ ಅರ್ಥ ಹೇಳುವ ಹಿರಿಯರಿದ್ದ ಊರಿನಲ್ಲಿ ಆ ಹೆಸರುಗಳಿಗೆ ಜೀವ ಬರುತ್ತಿದ್ದಿತು; ಇಲ್ಲದ ಊರಿನಲ್ಲಿ ಅವು ನಾಲಗೆಯ ಮೇಲೆಯೇ ಒಣಗುತ್ತಿದ್ದವು. ಎಳೆಯರು ಗುರುವಿನ ಬೆತ್ತದ ಭಯವಿಲ್ಲದೆ ತಾವಾಗಿಯೇ ಹೊಸ ಮಾತುಗಳನ್ನು ಸಂಪಾದಿಸಿಕೊಳ್ಳುವ ಮಾರ್ಗವು ವಿಶಾಲವಾಗಿ ತೆರೆದದ್ದು ಕಾದಂಬರಿಯು ಅಚ್ಚಾಗಿ ಮನೆಮನೆಗೆ ಬಂದ ಮೇಲೆಯೇ.

ಹಳೆಯ ಮೈಸೂರು ಸೀಮೆಯಲ್ಲಿ ಈ ಕಾರ್ಯಕ್ಕೆ ಮೊದಲಿಗರಾದವರು ಬಿ. ವೆಂಕಟಾಚಾರ್ಯರು (೧೮೪೫–೧೯೧೪). ಸ್ವಪ್ರಯತ್ನದಿಂದ ಬಂಗಾಳಿ ಭಾಷೆಯನ್ನು ಕಲಿತು, ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ೧೮೮೫ರಲ್ಲಿ ಕನ್ನಡಕ್ಕೆ ತಂದ ಇವರು ಮುಂದೆ ಇಂತಹ ಅನೇಕ ಗ್ರಂಥಗಳನ್ನು ಪ್ರಕಟಿಸಿದರು. ಬಂಗಾಳದಲ್ಲಿ ಈ ಬಗೆಯ ಕಥೆಗೆ ‘ಉಪನ್ಯಾಸ’ವೆಂದು ಹೆಸರು. ಕನ್ನಡದಲ್ಲಿ ಆ ಶಬ್ದವು ಭಾಷಣವೆಂಬ ಅರ್ಥದಲ್ಲಿ ನಿಂತುಬಿಟ್ಟಿತು. ಕಥೆಯ ಹೊಸ ಜಾತಿಗೆ ಬಾಣಭಟ್ಟನ ಕಥಾನಾಯಿಕೆಯಾದ ‘ಕಾದಂಬರಿ’ಯ ಹೆಸರೇ ಮರಾಠಿಯಲ್ಲಿರುವಂತೆ ಇಲ್ಲಿಯೂ ರೂಢಿಯಾಯಿತು. ಹೀಗೆ ಪುಸ್ತಕದ ಜಾತಿಯನ್ನು ಸೂಚಿಸುವ ಮಾತೇ ಓದುಗನಿಗೆ ಒಂದು ಹೊಸ ಪಾಠವಾಗಿದ್ದಿತು.

ವೆಂಕಟಾಚಾರ್ಯರ ಶೈಲಿಯು ಸಂಸ್ಕೃತಭೂಯಿಷ್ಠವೆಂದು ವಿಮರ್ಶಕರು ಹೇಳುವುದುಂಟು. ಅದು ಸುಳ್ಳಲ್ಲ. ಆದರೆ ಅದೇ ಸಂಸ್ಕೃತ ಶಬ್ದಗಳು ಅಮರಕೋಶದಲ್ಲಿದ್ದಾಗ ಹುಡುಗರಿಗೆ ಬೇಸರವನ್ನುಂಟುಮಾಡುತ್ತಿದ್ದವು. ಕಥೆಯಲ್ಲಿ ಬಂದಾಗ ಅವರನ್ನು ಮುಂದಿನ ಪುಟಕ್ಕೆ ಎಳೆದುಕೊಂಡು ಹೋದವು. ಇದರ ಮರ್ಮವು ಸುಲಭವಾಗಿದೆ. ಓದುವವನಿಗೆ ಮುಂದೇನಾಯಿತೆಂದು ತಿಳಿಯುವ ಆತುರ. ತಿಳಿಯದ ಮಾತು ಬಂದರೆ ನಿಲ್ಲಲು ಅವನಿಗೆ ವ್ಯವಧಾನವಿಲ್ಲ. ಹಿಂದುಮುಂದಿನ ವಾಕ್ಯಗಳ ಬೆಳಕಿನಲ್ಲಿ ಅರ್ಥವನ್ನು ಊಹಿಸಿ ನಡೆಯುತ್ತಾನೆ. ಹತ್ತು ಪುಟಗಳಾದ ಮೇಲೆ ಅದೇ ಮಾತು ಇನ್ನೊಂದು ವೇಷದಲ್ಲಿ ಬಂದು ಅವನ ಊಹೆಯನ್ನು ತಿದ್ದುತ್ತದೆ. ಮೂರನೆಯ ಸಲ ಅದು ಪರಿಚಿತನಾದ ನೆಂಟ. ಉತ್ತರ ಕರ್ನಾಟಕದಲ್ಲಿ ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಐತಿಹಾಸಿಕ ಕಾದಂಬರಿಗಳನ್ನು ಬರೆದುದಲ್ಲದೆ, ತಾವೇ ಪುಸ್ತಕದ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿ ಶಾಲೆಗಳ ಪ್ರಾಬಲ್ಯವಿದ್ದ ಆ ಸೀಮೆಯಲ್ಲಿ ಕನ್ನಡದ ಓದುಗರು ಬೆಳೆದದ್ದು ಇಂತಹ ಹೊರೆಗಳಿಂದ.

ಆದರೆ ಗ್ರಂಥದ ಮಾತು ಮಾತ್ರವೇ ಮಾತಲ್ಲ. ಅಡಿಗೆಯ ಮನೆಯಲ್ಲಿಯೂ ಚಾವಡಿಯಲ್ಲಿಯೂ ಆಡುವ ಮಾತು ಅಚ್ಚಿನಲ್ಲಿ ಬಂದರೆ ಅದಕ್ಕೆ ಬೇರೊಂದು ಮರ್ಯಾದೆ ದೊರೆಯುತ್ತದೆ. ಎಂ. ಎಸ್. ಪುಟ್ಟಣ್ಣನವರ (೧೮೫೪–೧೯೩೦) ‘ಮಾಡಿದ್ದುಣ್ಣೋ ಮಹಾರಾಯ’ದ ಹೆಸರೇ ಮನೆಯ ಗಾದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಜನಜೀವನವನ್ನು ಜನರ ನುಡಿಯಲ್ಲಿಯೇ ಬರೆದ ಈ ಕೃತಿಯಿಂದ ಎಳೆಯರು ತಮ್ಮ ಅಜ್ಜಿಯ ಮಾತು ಬರವಣಿಗೆಗೆ ಅಯೋಗ್ಯವಲ್ಲವೆಂದು ಕಂಡರು. ಪಂಜೆ ಮಂಗೇಶರಾಯರು (೧೮೭೪–೧೯೩೭) ತುಳು ಪಾಡ್ದನದ ವೀರರನ್ನು ‘ಕೋಟಿ ಚೆನ್ನಯ’ದಲ್ಲಿ ಕನ್ನಡಕ್ಕೆ ಕರೆತಂದರು, ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ಮಕ್ಕಳ ಓದಿಗೆಂದೇ ಪುಸ್ತಕಗಳಾಗಬೇಕೆಂಬ ವಿಚಾರವನ್ನು ನೆಲೆಗೊಳಿಸಿದರು.

ಹಾಗಾದರೆ ನಿಘಂಟು ಏತಕ್ಕೆ ಎಂದು ಕೇಳಬಹುದು. ರೆವರೆಂಡ್ ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದಿತು. ಸುಮಾರು ೭೦,೦೦೦ ಶಬ್ದಗಳನ್ನು ಕೂಡಿಸಿದ ಆ ಮಹಾಗ್ರಂಥಕ್ಕೆ ಕನ್ನಡಿಗರು ಎಂದಿಗೂ ಋಣಿಗಳು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಈ ನಿಘಂಟುಗಳನ್ನು ಕಟ್ಟಿದ ಕ್ರಮವನ್ನು ನೋಡಿದರೆ, ಅವುಗಳ ತಾಯಿಯೂ ಓದೇ ಎಂದು ತಿಳಿಯುತ್ತದೆ. ಕಾವ್ಯ, ಶಾಸನ, ಗಾದೆಗಳನ್ನು ಓದಿ, ಮಾತು ಎಲ್ಲಿ ಹೇಗೆ ಬಂದಿದೆಯೆಂದು ಗುರುತುಮಾಡಿಕೊಂಡ ಮೇಲೆಯೇ ಅರ್ಥವನ್ನು ನಿರ್ಣಯಿಸಿದರು. ಕಥೆಯನ್ನೋದುವ ಹುಡುಗಿಯು ಗೊತ್ತಿಲ್ಲದೆ ಮಾಡುವುದನ್ನೇ ವಿದ್ವಾಂಸರು ಗೊತ್ತಿದ್ದು ಮಾಡಿದರು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಶಿವರಾಮ ಕಾರಂತರ ‘ಚೋಮನ ದುಡಿ’ಯು ೧೯೩೩ರಲ್ಲಿ ಪ್ರಕಟವಾಯಿತು. ದೊಡ್ಡಬಳ್ಳಾಪುರದ ಕಡೆಯ ಹುಡುಗನಿಗೆ ತಮಟೆ ಗೊತ್ತು, ಡೊಳ್ಳು ಗೊತ್ತು. ‘ದುಡಿ’ ಎಂದರೆ ಅವನಿಗೆ ಹೊಲದಲ್ಲಿ ಮೈಮುರಿದು ಗೇಯುವುದು. ಹೊದಿಕೆಯನ್ನು ನೋಡಿ ಇದು ಚೋಮನ ದುಡಿಮೆಯ ಕಥೆಯೆಂದು ಅವನು ಭಾವಿಸಿದರೆ ಆಶ್ಚರ್ಯವಿಲ್ಲ. ಪುಸ್ತಕವನ್ನು ತೆರೆದರೆ ದುಡಿಯು ಒಂದು ಚರ್ಮವಾದ್ಯ. ನಿಘಂಟಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಎತ್ತುಗಳಿದ್ದೂ ಉಳಲು ಅಂಗೈಯಗಲ ನೆಲವಿಲ್ಲದ, ಜಾತಿಯ ಕಟ್ಟಿನಿಂದ ಬೇಸಾಯದ ಆಸೆಯೇ ನಿಷಿದ್ಧವಾದ ಒಬ್ಬ ಜೀತದಾಳಿನ ಸಂಕಟವೆಲ್ಲವೂ ಆ ವಾದ್ಯದಲ್ಲಿ ಧ್ವನಿಗೊಳ್ಳುವುದನ್ನು ಕೇಳಿದ ಮೇಲೆ, ‘ದುಡಿ’ಯೆಂಬ ಎರಡಕ್ಷರಕ್ಕೆ ಸಣ್ಣ ವಾದ್ಯವೆಂಬ ಅರ್ಥವೊಂದೇ ಸಾಲುವುದಿಲ್ಲ. ಹುಡುಗನು ಮೊದಲು ಮಾಡಿದ ತಪ್ಪು ಊಹೆಯೂ ವ್ಯರ್ಥವಾಗುವುದಿಲ್ಲ; ದುಡಿಮೆಯೂ ದುಡಿಯೂ ಅವನ ಮನಸ್ಸಿನಲ್ಲಿ ಒಂದಾಗಿ ನಿಲ್ಲುತ್ತವೆ.

ಕನ್ನಡದ ಒಂದು ಸೀಮೆಯ ಮಾತು ಇನ್ನೊಂದು ಸೀಮೆಗೆ ಹೊಸದಾಗಿರುವುದು ಈ ಭಾಷೆಯ ವೈಭವ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು (೧೯೩೬) ಕೈಗೆತ್ತಿಕೊಂಡ ಬಯಲುಸೀಮೆಯ ಓದುಗನು ‘ಕಾನು’ ಎಂದರೆ ದಟ್ಟವಾದ ಕಾಡೆಂದೂ, ‘ಹೆಗ್ಗಡಿತಿ’ ಎಂದರೆ ಹೆಗ್ಗಡೆಯ ಮನೆಯ ಯಜಮಾನಿಯೆಂದೂ ಕಲಿಯಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಎಳೆಯರ ಅಚ್ಚುಮೆಚ್ಚಿನ ಪುಸ್ತಕ. ಅದರಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವವರ ಜೊತೆಯಲ್ಲಿ ಹೋದ ಹುಡುಗರು, ತಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕೇತಕ್ಕೆ ಕಾಡಿನಲ್ಲಿ ಎಂತಹ ಬಂಧುಗಳಿದ್ದಾರೆಂಬುದನ್ನು ತಿಳಿದರು. ಜೀವಶಾಸ್ತ್ರದ ಪಾಠವು ಬೇಟೆಯ ಕಥೆಯಂತೆ ಬಂದುದರಿಂದ ಅದರ ಮಾತುಗಳು ಪರೀಕ್ಷೆಯಾದ ಮೇಲೆಯೂ ಮರೆಯಲಿಲ್ಲ.

ಕೆಲವು ವೇಳೆ ದೂರದ ಊರಿನ ಕಥೆಯು ಓದುವವನ ಊರನ್ನೇ ಅವನಿಗೆ ಓದಲು ಕಲಿಸುತ್ತದೆ. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವು (೧೯೮೨) ಚಿತ್ರದುರ್ಗದ ಪಾಳೆಯಗಾರರ ಪತನದ ಕಥೆ. ಕೋಟೆಯ ಕಾಳಗವನ್ನು ಓದುವವನಿಗೆ ಕೊತ್ತಲ, ಬುರುಜು, ಅಗಳು, ದಿಡ್ಡಿಬಾಗಿಲು, ಲಗ್ಗೆ ಮೊದಲಾದ ಮಾತುಗಳು ಬೇಕಾಗುತ್ತವೆ. ದೇವನಹಳ್ಳಿಯ ಹುಡುಗನು ದಿನವೂ ಒಂದು ಕೋಟೆಯ ಬಾಗಿಲಿನಲ್ಲಿಯೇ ಹಾದುಹೋಗುತ್ತಾನೆ. ೧೫೦೧ರಲ್ಲಿ ಮಲ್ಲಬೈರೇಗೌಡನು ಮಣ್ಣಿನಿಂದ ಕಟ್ಟಿಸಿದ್ದೆಂದು ಹೇಳುವ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನದಾದ, ೧೭೯೧ರಲ್ಲಿ ಕಾರ್ನ್‌ವಾಲಿಸನ ವಶವಾದ ಆ ಕೋಟೆಯು ಅವನಿಗೆ ಬರಿಯ ಗೋಡೆಯಾಗಿದ್ದಿತು. ಮಾತುಗಳು ದೊರೆತ ಮೇಲೆ ಗೋಡೆಯು ಬಿಡಿಬಿಡಿಯಾಗಿ ಕಾಣುತ್ತದೆ: ಇದು ಕೊತ್ತಲ, ಅದು ಬುರುಜು. ಹೆಸರು ತಿಳಿಯದ ವಸ್ತುವನ್ನು ಕಣ್ಣು ನೋಡಿದರೂ ಮನಸ್ಸು ನೋಡುವುದಿಲ್ಲ.

ಈ ಜಿಲ್ಲೆಯಲ್ಲಿ ಈ ವಿಷಯವು ವಿನೋದಕ್ಕೆ ಮಾತ್ರ ಸೇರಿದ್ದಲ್ಲ. ಹೊಸಕೋಟೆ, ದೇವನಹಳ್ಳಿಗಳ ಕಡೆ ತೆಲುಗು ಮನೆಮಾತಾದ ಕುಟುಂಬಗಳು ಬಹಳ. ಉರ್ದು, ತಮಿಳು ಆಡುವ ಮನೆಗಳೂ ಉಂಟು. ಇಂತಹ ಮನೆಯ ಮಗುವಿಗೆ ಬೀದಿಯ ಕನ್ನಡವು ಬೀದಿಯಲ್ಲಿಯೇ ದೊರೆಯುತ್ತದೆ. ಗ್ರಂಥದ ಕನ್ನಡವು ಪುಸ್ತಕವಿಲ್ಲದೆ ದೊರೆಯದು. ಹೊಸಕೋಟೆಗೆ ನೆರೆಯಾದ ಮಾಲೂರು ಸೀಮೆಯ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಪಂಜೆಯವರದು ಕೊಂಕಣಿ. ಇವರು ಕನ್ನಡಕ್ಕೆ ಕೊಟ್ಟುದೆಷ್ಟೆಂಬುದು ಸರ್ವವಿದಿತ. ಭಾಷೆಯು ಹುಟ್ಟಿನಿಂದ ಬರುವಂತೆಯೇ ಓದಿನಿಂದಲೂ ಸ್ವಂತವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಂಗತಿಯು ಹೆಚ್ಚು ಯೋಚನೆಗೆ ಯೋಗ್ಯವಾದುದು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾದ ಮೇಲೆ ಸುತ್ತಲಿನ ಹೊಲಗಳ ಬೆಲೆಯೂ ಬಳಕೆಯೂ ಬದಲಾದವು. ಕಣವಿಲ್ಲದ ಊರಿನಲ್ಲಿ ಕಣವೆಂಬ ಮಾತಿಗೆ ಕೆಲಸವಿಲ್ಲ. ಮೆದೆ, ಕೂರಿಗೆ, ರಾಗಿಯನ್ನು ತುಂಬಿಡುತ್ತಿದ್ದ ಹಗೇವು, ಕೆರೆಯ ತೂಬು, ಕೋಡಿ, ನೀರಗಂಟಿ, ಇವುಗಳನ್ನು ಅಜ್ಜನು ದಿನವೂ ಆಡುತ್ತಿದ್ದನು. ಮೊಮ್ಮಗಳು ಪುಸ್ತಕದಲ್ಲಿ ಕಂಡು ಅರ್ಥವೇನೆಂದು ಕೇಳುತ್ತಾಳೆ. ಅವಳಿಗೆ ಹೊಸದಾದ ಮಾತು ಅವಳ ಮನೆಯದೇ ಹಳೆಯ ಮಾತು. ಕೇಳುವ ವೇಳೆಗೆ ಅಜ್ಜನು ಇದ್ದರೆ ಅವನೇ ನಿಘಂಟು. ಇಲ್ಲದಿದ್ದರೆ ಕಥೆಯೊಂದೇ ಆಧಾರ.

ಆದುದರಿಂದ ಈ ಸೀಮೆಯ ಮಾತುಗಳೂ ಕಥೆಯೊಳಗೆ ಬಂದು ಸೇರಬೇಕು. ‘ಚಂದ್ರಿಕೆ’ ಎಂದರೆ ವೆಂಕಟಾಚಾರ್ಯರನ್ನೋದಿದವನಿಗೆ ಬೆಳುದಿಂಗಳು. ವಿಜಯಪುರದ ಸುತ್ತಿನ ರೇಷ್ಮೆಯ ಬೇಸಾಯಗಾರನಿಗೆ ಅದು ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಹುಳುವು ಪೊರೆ ಬಿಡುವುದಕ್ಕೆ ಅವನು ‘ಜ್ವರ’ವೆನ್ನುತ್ತಾನೆ. ದೊಡ್ಡಬಳ್ಳಾಪುರದ ನೇಕಾರನಿಗೆ ಲಾಳಿಯೂ ಹಾಸುಹೊಕ್ಕೂ ಅನ್ನದ ಮಾತುಗಳು. ಇವುಗಳನ್ನು ತುಂಬಿದ ಕಥೆಯು ಎಳೆಯರ ಕೈಗೆ ಬಂದರೆ, ಮಲೆನಾಡಿನ ಹುಡುಗಿಯು ಚಂದ್ರಿಕೆಯೆಂಬಲ್ಲಿ ತಡೆದು ನಿಂತು, ಊಹಿಸಿ, ಮುಂದಿನ ಪುಟದಲ್ಲಿ ತಿಳಿದುಕೊಳ್ಳುವಳು. ಬಯಲುಸೀಮೆಯ ಹುಡುಗನು ಕಾನುವನ್ನು ಅವಳ ನಾಡಿನಿಂದ ಪಡೆದ ಸಾಲವು ಆಗ ತೀರುವುದು.